ಒಳಗಿನ ಮಳೆ, ಹೊರಗಿನ ಮಳೆ

ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೋ ಕನಕಪುರದ ಕಡೆಗೋ ಹೊರಟವರಿಗೆ ಸೈಕಲ್ ಸವಾರರ ಸಾಲುಗಳು ಈಗ ಅಪರೂಪದ ದೃಶ್ಯವಲ್ಲ. ಅವರಲ್ಲಿ ಯುವಕ ಯುವತಿಯರೇ ಹೆಚ್ಚು ಎಂಬುದು ನಿಜ. ಆದರೆ ಹೆಲ್ಮೆಟ್ಟಿನ ಅಂಚಿನಲ್ಲಿ ನರೆಗೂದಲು ಇಣುಕುವವರೂ ಕಡಿಮೆಯೇನಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕುರ್ಚಿಯಲ್ಲಿ ಕುಳಿತು, ನಿವೃತ್ತಿಯ ನಂತರ ಸೈಕಲ್ಲಿನ ಸೀಟನ್ನೇರಿದ ನಾನು ಈ ಎರಡನೆಯ ಗುಂಪಿಗೆ ಸೇರಿದವನು. ಎರಡರಲ್ಲಿ ಯಾವುದು ಹೆಚ್ಚು ಸುಖಕರ ಎಂಬ ಪ್ರಶ್ನೆಗೆ ಉತ್ತರಿಸಲಾರೆ. ಕುರ್ಚಿಯ ಮೇಲೆ ಮಾತ್ರ ಮಳೆ ಬೀಳುತ್ತಿರಲಿಲ್ಲ.

ನಮ್ಮ ಬಳಗದಲ್ಲಿ ಜೂನ್ ತಿಂಗಳಿನಿಂದ ಜನವರಿಯವರೆಗೆ ಒಂದು ಚರ್ಚೆ ಮತ್ತೆ ಮತ್ತೆ ಏಳುತ್ತದೆ. ಕೊಳ್ಳಬೇಕಾದದ್ದು ಗಾಳಿಯನ್ನು ತಡೆಯುವ ಜಾಕೆಟ್ಟೋ, ನೀರನ್ನು ತಡೆಯುವ ಜಾಕೆಟ್ಟೋ? ಮೊದಲನೆಯದನ್ನು ನಮ್ಮ ತಲೆಮಾರಿನವರು ವಿಂಡ್‌ಚೀಟರ್ ಎಂದು ಕರೆಯುತ್ತ ಬಂದಿದ್ದೇವೆ. ಎರಡನೆಯದು ಹಳೆಯ ರೇನ್‌ಕೋಟಿನ ಸುಧಾರಿತ ವಂಶಜ. ಇವೆರಡರ ಬೆಲೆಯ ನಡುವಿನ ಅಂತರ ಸಣ್ಣದಲ್ಲ. ಸಾಕಷ್ಟು ಒಳ್ಳೆಯ ವಿಂಡ್‌ಚೀಟರ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ‘ಉಸಿರಾಡುವ ಬಟ್ಟೆ’ಯಿಂದ ಮಾಡಿದ ಜಲನಿರೋಧಕ ಜಾಕೆಟ್ಟಿಗೆ ಹತ್ತು ಸಾವಿರ, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚು ತೆರಬೇಕಾಗುತ್ತದೆ. ಹೆಚ್ಚಿನವರು ಹೂಡುವ ತರ್ಕ ಹೀಗಿದೆ: ನೀರನ್ನೇ ತಡೆಯುವ ಬಟ್ಟೆ ಗಾಳಿಯನ್ನು ತಡೆಯದೆ ಇರುತ್ತದೆಯೇ? ಒಂದರಲ್ಲಿ ಎರಡೂ ಸಿಗುವಾಗ ಒಂದನ್ನು ಮಾತ್ರ ಕೊಡುವುದನ್ನು ಏಕೆ ಕೊಳ್ಳಬೇಕು? ತರ್ಕದ ಮೊದಲ ಅರ್ಧ ಸರಿಯಾಗಿದೆ. ನೀರನ್ನು ತಡೆಯುವುದೆಲ್ಲ ಗಾಳಿಯನ್ನೂ ತಡೆಯುತ್ತದೆ. ಆದರೆ ಅದು ಇನ್ನೂ ಒಂದನ್ನು ತಡೆಯುತ್ತದೆ ಎಂಬುದನ್ನು ಈ ತರ್ಕ ಗಣನೆಗೆ ತೆಗೆದುಕೊಂಡಿಲ್ಲ. ಆ ಮೂರನೆಯದು ಸವಾರನ ಬೆವರು.

ಸೈಕಲ್ ತುಳಿಯುವ ಮನುಷ್ಯ ಒಂದು ಅದಕ್ಷ ಯಂತ್ರ. ಅವನು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗ ಪೆಡಲನ್ನು ತಲುಪುತ್ತದೆ. ಉಳಿದ ಮುಕ್ಕಾಲು ಶಾಖವಾಗಿ ಹೊರಬರುತ್ತದೆ. ಸಾಧಾರಣ ಸವಾರನೊಬ್ಬ ಏರು ರಸ್ತೆಯಲ್ಲಿ 150 ವಾಟ್ ಶಕ್ತಿಯನ್ನು ಚಕ್ರಕ್ಕೆ ಒದಗಿಸುತ್ತಿದ್ದಾನೆಂದರೆ, ಅದೇ ಹೊತ್ತಿನಲ್ಲಿ ಅವನ ದೇಹ 450 ವಾಟ್‌ಗೂ ಮಿಕ್ಕಿದ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಹಳೆಯ ಕಾಲದ ನೂರು ವಾಟಿನ ನಾಲ್ಕೂವರೆ ಬಲ್ಬುಗಳನ್ನು ಅಂಗಿಯೊಳಗೆ ಉರಿಸಿಕೊಂಡು ಹೋದಂತೆ. ಈ ಶಾಖವನ್ನು ಹೊರಹಾಕಲು ದೇಹಕ್ಕೆ ತಿಳಿದಿರುವ ಮುಖ್ಯ ಉಪಾಯ ಬೆವರುವುದು ಮತ್ತು ಆ ಬೆವರನ್ನು ಆವಿಯಾಗಿಸುವುದು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. ಏರಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರುವುದು ಅಸಾಧಾರಣವೇನಲ್ಲ. ಆವಿಯಾಗಿ ಹೊರಹೋಗದ ಬೆವರು ಏನಾಗುತ್ತದೆ? ಜಾಕೆಟ್ಟಿನ ಒಳಮೈಯಲ್ಲಿ ಹನಿಗಟ್ಟಿ, ತೋಳಿನ ಒಳಗೆ ಹರಿದು, ಮೊಣಕೈಯಲ್ಲಿ ಮಡುಗಟ್ಟುತ್ತದೆ. ಹೊರಗೆ ಮಳೆ ನಿಂತರೂ ಒಳಗೆ ನಿಲ್ಲುವುದಿಲ್ಲ.

ಈ ಸಮಸ್ಯೆ ಜಲನಿರೋಧಕ ಬಟ್ಟೆಯಷ್ಟೇ ಹಳೆಯದು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಲೇಪಿಸಿ, ಅದಕ್ಕೆ ಪೇಟೆಂಟ್ ಪಡೆದ. ಬ್ರಿಟಿಷರು ಇಂದಿಗೂ ಮಳೆಕೋಟನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಹನಿ ನೀರೂ ಒಳಗೆ ಬರುತ್ತಿರಲಿಲ್ಲ, ಒಂದು ಹನಿಯೂ ಹೊರಗೆ ಹೋಗುತ್ತಿರಲಿಲ್ಲ. ನಿಧಾನವಾಗಿ ನಡೆಯುವ ಮನುಷ್ಯನಿಗೆ ಅದು ಸಾಕಿತ್ತು. ಸುಮಾರು ಒಂದೂವರೆ ಶತಮಾನದ ಬಳಿಕ, 1969ರಲ್ಲಿ, ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಸರಳೊಂದನ್ನು ಬಿಸಿಮಾಡಿ, ಮೆಲ್ಲಗೆ ಎಳೆಯುವ ಬದಲು ಒಮ್ಮೆಲೇ ಜಗ್ಗಿದಾಗ ಅದು ಅಸಂಖ್ಯ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯಾಗಬಲ್ಲುದು ಎಂಬುದನ್ನು ಕಂಡುಕೊಂಡ. ನೀರಿನ ಹನಿಗೆ ಆ ರಂಧ್ರಗಳು ಬಹಳ ಕಿರಿದು. ಆವಿಯ ಅಣುವಿಗೆ ಧಾರಾಳ. 1976ರ ಸುಮಾರಿಗೆ ಮಾರುಕಟ್ಟೆಗೆ ಬಂದ ಗೋರ್-ಟೆಕ್ಸ್ ಈ ತತ್ತ್ವದ ಮೇಲೆ ನಿಂತದ್ದು. ‘ಉಸಿರಾಡುವ’ ಎಂಬ ವಿಶೇಷಣ ಬಟ್ಟೆಗೆ ಅಂಟಿಕೊಂಡದ್ದು ಇಂಥ ಪೊರೆಗಳಿಂದಾಗಿ.

ಆದರೆ ಬಟ್ಟೆ ತಾನಾಗಿ ಉಸಿರಾಡುವುದಿಲ್ಲ. ಆವಿಯು ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ಸಾಗುತ್ತದೆ, ಅಷ್ಟೇ. ಸರಕು ಬೇಡಿಕೆಯಿರುವ ಊರಿಗೆ ಹೋದಂತೆ. ಇಲ್ಲಿ ನಮ್ಮ ಹವೆ ಮುಖ್ಯವಾಗುತ್ತದೆ. ಬೆವರಿದ ಚರ್ಮ 33 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಅದರ ಮೇಲಿನ ಆವಿಯ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಯುರೋಪಿನಲ್ಲಿ 5 ಡಿಗ್ರಿಯ ಮಳೆಯಲ್ಲಿ, ಹೊರಗಿನ ಗಾಳಿ ತೇವದಿಂದ ಪೂರ್ಣ ತುಂಬಿದ್ದರೂ, ಅಲ್ಲಿನ ಒತ್ತಡ 0.9ರಷ್ಟು ಮಾತ್ರ. ಅಂತರ 4.1. ಅದೇ ಜಾಕೆಟ್ಟನ್ನು ಜುಲೈ ತಿಂಗಳ ಮಂಗಳೂರಿಗೆ ತನ್ನಿ. 26 ಡಿಗ್ರಿಯಲ್ಲಿ ಧೋ ಎಂದು ಸುರಿಯುವ ಮಳೆಯಲ್ಲಿ ಹೊರಗಿನ ಒತ್ತಡ 3.4ರ ಹತ್ತಿರ. ಅಂತರ 1.6. ಬೆವರನ್ನು ಹೊರಕ್ಕೆ ನೂಕುವ ಬಲ ಅರ್ಧಕ್ಕೂ ಕೆಳಗಿಳಿಯಿತು. ಜಾಕೆಟ್ ಅದೇ, ಬೆಲೆ ಅದೇ (ಆಮದು ಸುಂಕ ಸೇರಿದರೆ ಹೆಚ್ಚೇ). ಕೆಲಸ ಮಾತ್ರ ಅರೆಪಾಲು. ಬೆಂಗಳೂರಿನ 20 ಡಿಗ್ರಿಯ ಸೋನೆಮಳೆ ಇವೆರಡರ ನಡುವೆ ಎಲ್ಲೋ ಇದೆ. ಯುರೋಪಿನ ಪತ್ರಿಕೆಗಳಲ್ಲಿ ಬರುವ ಜಾಕೆಟ್ ವಿಮರ್ಶೆಗಳನ್ನು ಓದಿ ಇಲ್ಲಿ ಕೊಳ್ಳುವವರು ಈ ಸರಳ ಭೌತಶಾಸ್ತ್ರವನ್ನು ಮರೆಯಬಾರದು.

ಇನ್ನು ಜಾಕೆಟ್ಟಿನ ಪಟ್ಟಿಯ ಮೇಲೆ ಮುದ್ರಿಸಿರುವ ಸಂಖ್ಯೆಗಳ ವಿಷಯ. ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ: 10,000 ಮಿಲಿಮೀಟರ್, 10,000 ಗ್ರಾಂ. ಮೊದಲನೆಯದನ್ನು ನೋಡಿ ಗೆಳೆಯರೊಬ್ಬರು, “ಆಗುಂಬೆಯ ವರ್ಷದ ಮಳೆಗಿಂತ ಹೆಚ್ಚಾಯಿತಲ್ಲ ಮಾರಾಯರೆ, ಇನ್ನೇನು ಬೇಕು?” ಎಂದಿದ್ದರು. ಆಗುಂಬೆಯ ವಾರ್ಷಿಕ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ ಎಂಬುದೇನೋ ಸರಿ. ಆದರೆ ಜಾಕೆಟ್ಟಿನ ಸಂಖ್ಯೆ ಮಳೆಯ ಪ್ರಮಾಣವಲ್ಲ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದರೆ ಅದು ಸೋರತೊಡಗುತ್ತದೆ ಎಂಬುದರ ಅಳತೆ. ಎರಡನೆಯ ಸಂಖ್ಯೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಗಳಲ್ಲಿ ದಾಟಬಲ್ಲ ಆವಿಯ ತೂಕ. ಜಾಕೆಟ್ ಮುಚ್ಚುವ ಮೈಯ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಹತ್ತು ಸಾವಿರವನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 417 ಗ್ರಾಂ. ಅದೂ ಪ್ರಯೋಗಾಲಯದ ಅನುಕೂಲಕರ ಸ್ಥಿತಿಯಲ್ಲಿ. ನಂದಿಯ ಏರಿನಲ್ಲಿ ಗಂಟೆಗೆ ಲೀಟರಿನ ಹತ್ತಿರ ಬೆವರುವವನಿಗೆ ಈ ಲೆಕ್ಕ ತಾಳೆಯಾಗುವುದಿಲ್ಲ. ಇಷ್ಟು ಸಾಲದೆಂಬಂತೆ, ಬಟ್ಟೆಯ ಹೊರಮೈಗೆ ಬಳಿದಿರುವ, ನೀರನ್ನು ಹನಿಹನಿಯಾಗಿ ಜಾರಿಸುವ ಲೇಪ ಕೆಲವು ತಿಂಗಳ ಬಳಕೆಯಲ್ಲಿ ಸವೆಯುತ್ತದೆ. ಆಗ ಹೊರಬಟ್ಟೆ ನೀರು ಕುಡಿಯುತ್ತದೆ. ಪೊರೆ ಸೋರದಿದ್ದರೂ ಅದರ ಮೇಲೆ ನೀರಿನದೇ ಒಂದು ಹಾಳೆ ಕೂತು ಆವಿಗೆ ದಾರಿ ಮುಚ್ಚುತ್ತದೆ. ಸವಾರ ಜಾಕೆಟ್ ಸೋರುತ್ತಿದೆ ಎಂದು ಅಂಗಡಿಯವನನ್ನು ಬೈಯುತ್ತಾನೆ. ಸೋರುತ್ತಿರುವವನು ಅವನೇ.

ಈ ಸಂಖ್ಯೆಗಳಲ್ಲಿ ಇನ್ನೊಂದು ತೊಡಕಿದೆ. ಆವಿಯ ಪ್ರಮಾಣವನ್ನು ಅಳೆಯಲು ಬಳಕೆಯಲ್ಲಿರುವ ವಿಧಾನಗಳು ಹಲವು. ಬಟ್ಟಲನ್ನು ನೆಟ್ಟಗೆ ಇಟ್ಟು ಅಳೆದರೆ ಒಂದು ಉತ್ತರ, ಬೋರಲು ಹಾಕಿ ಅಳೆದರೆ ಅದಕ್ಕಿಂತ ಬಹಳ ದೊಡ್ಡ ಇನ್ನೊಂದು ಉತ್ತರ. ಯಾವ ವಿಧಾನದಿಂದ ಅಳೆಯಲಾಯಿತು ಎಂಬುದನ್ನು ಪಟ್ಟಿಯ ಮೇಲೆ ಹೇಳುವವರು ವಿರಳ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದು ಅದರ ವಿಷಯ. 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಕೆಲಸದಲ್ಲಿ ಅದೇ ಪ್ರಮುಖವಾದದ್ದು. ಜಾಕೆಟ್ಟಿನ ಮಾರುಕಟ್ಟೆ ಅದಕ್ಕೆ ಒಳ್ಳೆಯ ಉದಾಹರಣೆಯಾದೀತು. ಹವಾನಿಯಂತ್ರಿತ ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತು ತೊಟ್ಟು ನೋಡಿದಾಗ ಎಲ್ಲ ಜಾಕೆಟ್ಟುಗಳೂ ಉಸಿರಾಡುತ್ತವೆ.

ಹಾಗಾದರೆ ವಿಂಡ್‌ಚೀಟರ್ ಮಾಡುವುದೇನು? ಅದರ ಕೆಲಸ ಬಹಳ ಸರಳ. ಸೈಕಲ್ ಅಂಗಿಯ ಎಳೆಗಳ ನಡುವೆ, ಚರ್ಮಕ್ಕೆ ತಾಗಿದಂತೆ, ಬೆಚ್ಚಗಿನ ಗಾಳಿಯ ತೆಳು ಪದರವೊಂದು ಇರುತ್ತದೆ. ವೇಗ ಹೆಚ್ಚಿದಂತೆ ಎದುರುಗಾಳಿ ಆ ಪದರವನ್ನು ಕಿತ್ತೊಯ್ಯುತ್ತದೆ. ಒತ್ತಾಗಿ ನೇಯ್ದ ತೆಳ್ಳನೆಯ ನೈಲಾನ್ ಬಟ್ಟೆ ಅದನ್ನು ಉಳಿಸುತ್ತದೆ. ತೂಕ ನೂರು ಗ್ರಾಂನ ಆಸುಪಾಸು. ಮಡಚಿದರೆ ಮುಷ್ಟಿಯಷ್ಟಾಗಿ ಬೆನ್ನ ಜೇಬಿನಲ್ಲಿ ಕೂರುತ್ತದೆ. ಹದಿನೈದು ಇಪ್ಪತ್ತು ನಿಮಿಷದ ತುಂತುರನ್ನೂ ತಾಳಿಕೊಳ್ಳುತ್ತದೆ. ಅದನ್ನು ಮೀರಿದ ಮಳೆಗೆ ನೆನೆಯುತ್ತದೆ ನಿಜ. ಆದರೆ ನೆನೆದ ಮೇಲೂ ಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತಲೇ ಇರುತ್ತದೆ, ಮಳೆ ನಿಂತ ಮೇಲೆ ಮೈಯ ಶಾಖಕ್ಕೇ ಒಣಗುತ್ತದೆ.

ಗಾಳಿಯ ಪೆಟ್ಟನ್ನು ಅಂಕಿಗಳಲ್ಲಿ ಹೇಳಬಹುದು. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ಹೆಪ್ಪುಗಟ್ಟುವ ಹೊತ್ತನ್ನು ಅಳೆದು 1945ರಲ್ಲಿ ಪ್ರಕಟಿಸಿದ ಲೆಕ್ಕ, 2001ರಲ್ಲಿ ಪರಿಷ್ಕೃತವಾಗಿ ಇಂದು ಅಮೆರಿಕ, ಕೆನಡಾಗಳಲ್ಲಿ ಬಳಕೆಯಲ್ಲಿದೆ. ಆ ಸೂತ್ರದ ಪ್ರಕಾರ 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಅದು 6 ಡಿಗ್ರಿಯಂತೆ ತಾಗುತ್ತದೆ. ಇದು ಒಣ ಚರ್ಮದ ಮಾತು. ಒದ್ದೆ ಚರ್ಮದ ಕಥೆಯೇ ಬೇರೆ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಬೆಂಗಳೂರು ಸುಮಾರು 920. ಈ ಎತ್ತರದ ವ್ಯತ್ಯಾಸಕ್ಕೆ ಮೂರೂವರೆ ಡಿಗ್ರಿ ಇಳಿಕೆ. ನನ್ನ ವಯಸ್ಸಿನವರು ಗಂಟೆಗೆ ಏಳೆಂಟು ಕಿ.ಮೀ. ವೇಗದಲ್ಲಿ, ಬೆವರಿನಲ್ಲಿ ಮಿಂದು, ಮೇಲೆ ಹತ್ತುತ್ತಾರೆ. ಚಹಾ ಕುಡಿದು, ಅದೇ ಒದ್ದೆ ಅಂಗಿಯಲ್ಲಿ ನಲವತ್ತರ ವೇಗದಲ್ಲಿ ಇಳಿಯುತ್ತಾರೆ. ಡಿಸೆಂಬರಿನಲ್ಲಿ ಒಂದು ಹನಿ ಮಳೆಯಿಲ್ಲದೆ ಮೈ ನಡುಗುವುದು ಹೀಗೆ.

ಹಾಗೆ ನೋಡಿದರೆ ಈ ಅರಿವು ಹಳೆಯದು. ಫ್ರಾನ್ಸ್ ಪ್ರವಾಸ ಸ್ಪರ್ಧೆಯ ಸವಾರರು ಆಲ್ಪ್ಸ್ ಕಣಿವೆಗಳ ನೆತ್ತಿಯಲ್ಲಿ ಪ್ರೇಕ್ಷಕರು ನೀಡುವ ದಿನಪತ್ರಿಕೆಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಇಳಿಯುವುದು ದಶಕಗಳಿಂದ ನಡೆದುಬಂದ ಪದ್ಧತಿ. ಪತ್ರಿಕೆ ಮಳೆಯನ್ನು ತಡೆಯುವುದಿಲ್ಲ, ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ಬೆವರನ್ನು ಹೀರುತ್ತದೆ. ಸಂಪಾದಕೀಯ ಪುಟಕ್ಕೂ ಜಾಹೀರಾತಿನ ಪುಟಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

1988ರ ಜೂನ್ 5ರಂದು ಇಟಲಿಯ ಜಿರೊ ಸ್ಪರ್ಧೆ 2,600 ಮೀಟರಿಗೂ ಎತ್ತರದ ಗಾವಿಯಾ ಕಣಿವೆಯನ್ನು ಹಿಮಪಾತದ ನಡುವೆ ದಾಟಿತು. ಡಚ್ ಸವಾರ ಯೋಹಾನ್ ಫಾನ್ ಡರ್ ವೆಲ್ಡೆ ತುಂಡು ತೋಳಿನ ಅಂಗಿಯಲ್ಲಿಯೇ ಎಲ್ಲರಿಗಿಂತ ಮೊದಲು ನೆತ್ತಿ ತಲುಪಿದ. ಏರುವಾಗ ಅವನಿಗೆ ಅಂಥ ತೊಂದರೆಯಾಗಲಿಲ್ಲ. ದೇಹವೆಂಬ ಕುಲುಮೆ ಉರಿಯುತ್ತಿತ್ತು. ಇಳಿಯುವಾಗ ಮರಗಟ್ಟಿಹೋದ. ಗೆದ್ದವನಿಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ ಬೊರ್ಮಿಯೊ ಊರನ್ನು ಮುಟ್ಟಿದ. ಇಳಿಜಾರಿಗಾಗಿ ಬೆಚ್ಚನೆಯ ಉಡುಪನ್ನು ಮೊದಲೇ ಹೊಂದಿಸಿಕೊಂಡಿದ್ದ ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್ ಅಂದು ಎರಡನೆಯವನಾಗಿ ಬಂದು, ಮುಂದೆ ಆ ವರ್ಷದ ಜಿರೊವನ್ನೇ ಗೆದ್ದ.

ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು 2013ರ ಮಾರ್ಚ್ 17ರ ಮಿಲಾನ್-ಸ್ಯಾನ್ ರೆಮೊ ಸ್ಪರ್ಧೆ. ಹಿಮ ಸುರಿದು, ಸವಾರರನ್ನು ನಡುದಾರಿಯಲ್ಲಿ ಬಸ್ಸುಗಳಲ್ಲಿ ಸಾಗಿಸಬೇಕಾಯಿತು. ಅಂದು ಹಲವು ತಂಡಗಳ ಸವಾರರ ಮೈಮೇಲೆ ಕಂಡದ್ದು ಒಂದೇ ಕಂಪನಿಯ ಕಪ್ಪು ಮೇಲಂಗಿ. ತಮ್ಮ ಪ್ರಾಯೋಜಕರು ಬೇಸರಗೊಂಡಾರೆಂದು ಅದರ ಮೇಲಿನ ಲಾಂಛನಕ್ಕೆ ಮಸಿ ಬಳಿದಿದ್ದರು. ಕ್ಯಾಸ್ಟೆಲಿ ಕಂಪನಿಯ ಗಾಬಾ ಎಂಬ ಆ ಅಂಗಿ ಪೂರ್ಣ ಜಲನಿರೋಧಕವಲ್ಲ. ಗಾಳಿ ತಡೆಯುವ ಬಟ್ಟೆ, ಮೈಗೆ ಅಂಟಿಕೊಂಡ ಹೊಲಿಗೆ, ಒಂದಿಷ್ಟು ನೀರು ಜಾರಿಸುವ ಗುಣ. ಯಾವ ಜಾಕೆಟ್ಟನ್ನಾದರೂ ತರಿಸಿಕೊಳ್ಳಬಲ್ಲ ವೃತ್ತಿಪರರು, ಅತಿ ಕೆಟ್ಟ ಹವೆಯಲ್ಲಿ, ಪ್ರಾಯೋಜಕರ ಕಣ್ಣು ತಪ್ಪಿಸಿ ಆರಿಸಿಕೊಂಡದ್ದು ಇದನ್ನು. ಒದ್ದೆಯಾಗುವುದನ್ನು ಅವರು ಒಪ್ಪಿಕೊಂಡಿದ್ದರು, ತಣ್ಣಗಾಗುವುದನ್ನು ಒಪ್ಪಿರಲಿಲ್ಲ.

ಅರವತ್ತು ದಾಟಿದವರಿಗೆ ಇದು ಕೇವಲ ಸೌಕರ್ಯದ ಮಾತಲ್ಲ. ವಯಸ್ಸಾದಂತೆ ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸುವ ಶಕ್ತಿ ಕುಂದುತ್ತದೆ, ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ಕುಗ್ಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯದ ಸ್ಥಿತಿಯೆಂದು ಪರಿಗಣಿಸುತ್ತಾರೆ. ಇದಕ್ಕೆ ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಲ್ಲಿ, ನಮ್ಮ ಬಳಗದ ಐವರು ಮೂಡಿಗೆರೆಯಿಂದ ಹೊರಟು ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿ ಸೇರುವ ಯೋಜನೆ ಹಾಕಿಕೊಂಡಿದ್ದೆವು. ನಮ್ಮಲ್ಲೊಬ್ಬರು, ನಿವೃತ್ತ ಪ್ರಾಧ್ಯಾಪಕರು, ಮಗ ವಿದೇಶದಿಂದ ಕಳಿಸಿದ್ದ ದುಬಾರಿ ಜಲನಿರೋಧಕ ಜಾಕೆಟ್ಟನ್ನು ಮೂಡಿಗೆರೆಯಲ್ಲಿಯೇ ತೊಟ್ಟು, ಕತ್ತಿನವರೆಗೂ ಜಿಪ್ಪು ಎಳೆದುಕೊಂಡರು. ಕೊಟ್ಟಿಗೆಹಾರದವರೆಗೂ ಏರಿಳಿತಗಳ ದಾರಿ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಲ್ಲಿ ನೀರುದೋಸೆಗೆಂದು ನಿಂತೆವು. ಅವರು ಜಾಕೆಟ್ ತೆಗೆದಾಗ ಒಳಗಿನ ಅಂಗಿಯನ್ನು ಹಿಂಡಬಹುದಾಗಿತ್ತು. ನಾವೆಲ್ಲರೂ ಒದ್ದೆಯಾಗಿದ್ದೆವು, ಆದರೆ ಅವರಷ್ಟಲ್ಲ. ಅರ್ಧ ಗಂಟೆ ಕುಳಿತು ಎದ್ದಾಗಲೇ ಅವರ ಹಲ್ಲು ಕಟಕಟಿಸುತ್ತಿತ್ತು. ಘಾಟಿಯ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಅವರು ಕಾಲು ನೆಲಕ್ಕೆ ಊರಿ ಹೇಗೋ ಸೈಕಲ್ ನಿಲ್ಲಿಸಿ, “ಬ್ರೇಕ್ ಒತ್ತೋಕೆ ಆಗ್ತಾ ಇಲ್ಲ ರೀ, ಬೆರಳು ನನ್ನ ಮಾತು ಕೇಳ್ತಿಲ್ಲ” ಎಂದರು. ಮಾತೂ ಕೊಂಚ ತೊದಲುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಪ್ರಪಾತ, ಎದುರಿನಿಂದ ಏರಿ ಬರುವ ಬಸ್ಸುಗಳು. ಒದ್ದೆ ಅಂಗಿ ಬಿಚ್ಚಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದ ಒಣ ಬನಿಯನ್ನು ತೊಡಿಸಿ, ಮೇಲೆ ಅದೇ ಜಾಕೆಟ್ ಹಾಕಿ, ಮೇಲಕ್ಕೆ ಹೋಗುತ್ತಿದ್ದ ಜೀಪೊಂದರಲ್ಲಿ ಕೊಟ್ಟಿಗೆಹಾರಕ್ಕೆ ಕಳಿಸಿದೆವು. ಬಿಸಿ ಕಾಫಿ, ಸೌದೆ ಒಲೆಯ ಪಕ್ಕದ ಬೆಂಚು. ಒಂದು ಗಂಟೆಯಲ್ಲಿ ಸರಿಹೋದರು. ಅಂದಿನ ಹವೆ 20 ಡಿಗ್ರಿಯ ಹತ್ತಿರ ಇದ್ದಿರಬೇಕು, ಅದಕ್ಕಿಂತ ತಂಪೇನಲ್ಲ. ಅವರನ್ನು ನೆನೆಸಿದ ನೀರಿನಲ್ಲಿ ಆಕಾಶದ ಪಾಲು ಬಹಳ ಕಡಿಮೆ.

ಆ ಸೀಮೆಯ ಗದ್ದೆಗಳಲ್ಲಿ ನಾಟಿ ಮಾಡುವವರು ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ಗಂಡಸರಿಗೆ ಕಂಬಳಿ ಕೊಪ್ಪೆ, ಹೆಂಗಸರಿಗೆ ಬೆನ್ನ ಮೇಲೆ ಮಗುಚಿದ ದೋಣಿಯಂತೆ ಕೂರುವ ಗೊರಬು. ಎರಡೂ ಮೇಲಿನಿಂದ ಬೀಳುವ ನೀರನ್ನು ಜಾರಿಸುತ್ತವೆ, ಕೆಳಗಡೆ ಪೂರ್ಣ ತೆರೆದಿರುತ್ತವೆ. ಬೆವರಿನ ಆವಿಗೆ ರಂಧ್ರ ಹುಡುಕುವ ಕಷ್ಟವೇ ಇಲ್ಲ. ಉಣ್ಣೆಯಂತೂ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಹೀರಿಕೊಂಡೂ ಮೈಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಚಳ್ಳಕೆರೆಯ ಕಂಬಳಿ ಹೊದ್ದವರಿಗೆ ಇದನ್ನು ಪ್ರಯೋಗಾಲಯ ಹೇಳಬೇಕಾಗಿಲ್ಲ. ಆದರೆ ಕೊಪ್ಪೆ ಹಾಕಿಕೊಂಡು ಘಾಟಿ ಇಳಿಯಲಾಗದು, ಅದು ಹಾಯಿಯಂತೆ ಉಬ್ಬಿ ಸವಾರನನ್ನು ಎಲ್ಲಿಗೋ ಒಯ್ದೀತು. ಬ್ರಿಟನ್ನಿನ ಹಳೆಯ ಸವಾರರು ಕೊಪ್ಪೆಯಂಥದೇ ಒಂದು ಮಳೆಹೊದಿಕೆಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ಸಾಗುತ್ತಿದ್ದರು. ವೇಗದ ಹಂಬಲ ಬಂದಾಗ ಅದು ಹೋಯಿತು. ಉಣ್ಣೆಯ ಪಾಠವನ್ನು ಮಾತ್ರ ನಾವು ಉಳಿಸಿಕೊಳ್ಳಬಹುದು: ಜಾಕೆಟ್ ಯಾವುದೇ ಇರಲಿ, ಒಳಗೆ ಹತ್ತಿಯ ಬನಿಯನ್ನು ಬೇಡ, ತೆಳುವಾದ ಉಣ್ಣೆಯದಿರಲಿ. ಹತ್ತಿ ನೀರನ್ನು ಕುಡಿದು ಮೈಗೆ ಮೆತ್ತಿಕೊಳ್ಳುತ್ತದೆ.

ಇಷ್ಟಾದರೂ ಜಲನಿರೋಧಕ ಜಾಕೆಟ್ ನಿರುಪಯುಕ್ತ ಎಂದು ನಾನು ವಾದಿಸುತ್ತಿಲ್ಲ. ಅದು ವಿಮೆಯ ಪಾಲಿಸಿಯಂತೆ. ಕಂತು ಕಟ್ಟುವ ಮೊದಲು ಅಪಾಯದ ಸಂಭವವನ್ನೂ ನಷ್ಟದ ಗಾತ್ರವನ್ನೂ ತೂಗಿ ನೋಡಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 60 ದಿನ ಲೆಕ್ಕಕ್ಕೆ ಸಿಗುವಷ್ಟು ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳ, ಸೆಪ್ಟೆಂಬರ್-ಅಕ್ಟೋಬರಿನ ಸಂಜೆಯ ಗುಡುಗುಮಳೆ. ನಾವು ಸೈಕಲ್ ತುಳಿಯುವುದು ನಸುಕಿನಲ್ಲಿ. ಸಿಕ್ಕಿಹಾಕಿಕೊಂಡರೂ ಬಸ್ ನಿಲ್ದಾಣವೋ ಹೋಟೆಲ್ಲೋ ಐದು ನಿಮಿಷದಲ್ಲಿ ಸಿಗುತ್ತದೆ. ಇಲ್ಲಿ ಹತ್ತು ಸಾವಿರದ ಪಾಲಿಸಿ ಅನಗತ್ಯ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಎರಡು ಮೂರು ದಿನ ಶೀತಗಾಳಿಯೊಂದಿಗೆ ಜಿಟಿಜಿಟಿ ಹಿಡಿಯುತ್ತದಲ್ಲ, ಅದೊಂದು ಅಪವಾದ.

ದೂರದ ಸವಾರಿಗೆ ಹೋಗುವವರ ಮಾತು ಬೇರೆ. ಬ್ರೆವೆ ಎಂದು ಕರೆಯುವ ದೂರಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಕಾಲಮಿತಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ಹಿರಿಯೂರಿನಾಚೆ ಮಳೆ ಹಿಡಿದರೆ ನಿಂತು ಕಾಯಲು ಕಾಲವೂ ಇಲ್ಲ, ನೆರಳೂ ಇಲ್ಲ; ದಣಿದ ದೇಹಕ್ಕೆ ಶಾಖ ಹುಟ್ಟಿಸುವ ತಾಕತ್ತೂ ಉಳಿದಿರುವುದಿಲ್ಲ. ಅಂಥವರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗುವ ಆಸೆಯುಳ್ಳವರಾದರೆ, 2007ರಲ್ಲಿ ಅಲ್ಲಿ ಸುರಿದ ಮಳೆಯ ಕಥೆಯನ್ನು ಹಿರಿಯ ಸವಾರರಿಂದ ಕೇಳಿಕೊಂಡು ಜಲನಿರೋಧಕವನ್ನು ಧಾರಾಳವಾಗಿ ಕೊಳ್ಳಲಿ. ಕೊಳ್ಳುವಾಗ ಪಟ್ಟಿಯ ಸಂಖ್ಯೆಗಿಂತ ಕಂಕುಳಲ್ಲಿ ಗಾಳಿಯಾಡುವ ಜಿಪ್ಪು ಇದೆಯೇ, ಹೊಲಿಗೆಯ ಸಾಲುಗಳ ಒಳಗೆ ಪಟ್ಟಿ ಅಂಟಿಸಿದ್ದಾರೆಯೇ, ಬೆನ್ನು ಬಾಗಿದಾಗ ಸೊಂಟ ಮುಚ್ಚುತ್ತದೆಯೇ ಎಂಬುದನ್ನು ನೋಡುವುದು ಲೇಸು. ಏರಿನಲ್ಲಿ ತೆರೆದು, ನೆತ್ತಿಯಲ್ಲಿ ಮುಚ್ಚಿ. ಬಣ್ಣ ಕಪ್ಪು ಬೇಡವೇ ಬೇಡ. ಮಳೆಯಲ್ಲಿ ಲಾರಿ ಚಾಲಕನ ಗಾಜಿನ ಹಿಂದಿನಿಂದ ನಾವು ಕಾಣಿಸಬೇಕು. ಬ್ರೆವೆಗಳಲ್ಲಿ ರಾತ್ರಿ ಬೆಳಕು ಪ್ರತಿಫಲಿಸುವ ಅಂಗಿ ಕಡ್ಡಾಯವಾಗಿರುವುದು ಅದಕ್ಕೇ.

ತೆರಿಗೆಯ ದೃಷ್ಟಿಯಿಂದಲೂ ಒಂದು ಮಾತು, ಹಳೆಯ ಅಭ್ಯಾಸ ಬಿಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದನ್ನು ಮೀರಿದ್ದಕ್ಕೆ ಶೇ 18. ಹಿಂದೆ ಈ ಗಡಿ ಸಾವಿರ ರೂಪಾಯಿಯಲ್ಲಿತ್ತು, ಮೇಲಿನ ದರ ಶೇ 12 ಇತ್ತು. ವಿಂಡ್‌ಚೀಟರ್ ಹೀಗೆ ಕೆಳಗಿನ ದರಕ್ಕೆ ಇಳಿದಿದೆ, ಜಲನಿರೋಧಕ ಮೇಲಿನದಕ್ಕೆ ಏರಿದೆ. ಜೊತೆಗೆ, ನೀರು ಜಾರಿಸಲು ಬಳಸುತ್ತಿದ್ದ ಫ್ಲೋರಿನ್‌ಯುಕ್ತ ರಾಸಾಯನಿಕಗಳು ಪರಿಸರದಲ್ಲಿ ಕೊಳೆಯದೆ ಉಳಿಯುತ್ತವೆಂಬ ಕಾರಣಕ್ಕೆ ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ, ಫ್ರಾನ್ಸ್ 2026ರ ಜನವರಿಯಿಂದ ಉಡುಪುಗಳಲ್ಲಿ ಅವುಗಳ ಬಳಕೆಗೆ ನಿರ್ಬಂಧ ಹೇರಿವೆ. ಹೊಸ ಲೇಪಗಳು ಬೇಗ ಸವೆಯುತ್ತವೆ, ಹೆಚ್ಚು ಆರೈಕೆ ಬೇಡುತ್ತವೆ. ತೊಳೆದರೆ ಜಾಕೆಟ್ ಹಾಳಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ತೊಳೆಯದಿದ್ದರೆ ಬೆವರಿನ ಉಪ್ಪು, ರಸ್ತೆಯ ಎಣ್ಣೆ ಕೂತು ಇನ್ನೂ ಬೇಗ ಹಾಳಾಗುತ್ತದೆ. ಸೌಮ್ಯವಾದ ಸಾಬೂನು ಸಾಕು. ಬಟ್ಟೆ ಮೆದುವಾಗಿಸುವ ದ್ರಾವಣವನ್ನು ಮಾತ್ರ ಹತ್ತಿರ ಸೇರಿಸಬಾರದು.

ಇದನ್ನು ಬರೆಯುವಾಗ, ಬೆಳಗಿನ ಐದೂವರೆಗೆ ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗ ಕಣ್ಣೆದುರು ಬರುತ್ತಾನೆ. ಅವನೂ ಸೈಕಲ್ ಸವಾರನೇ. ನಿಧಾನದ ಸವಾರಿ, ಗೇಟಿಗೊಮ್ಮೆ ನಿಲುಗಡೆ, ಎರಡು ಗಂಟೆಯ ಕೆಲಸ. ಮಳೆ ನಿಲ್ಲಲೆಂದು ಕಾಯುವ ಹಾಗಿಲ್ಲ, ಏಳು ಗಂಟೆಗೆ ನಮ್ಮಂಥವರ ಫೋನು ಶುರುವಾಗುತ್ತದೆ. ಗಾಳಿಯ ಪ್ರಶ್ನೆ ಅವನಿಗಿಲ್ಲ. ಅವನಿಗೆ ಬೇಕಾದದ್ದು ನೀರನ್ನು ತಡೆದು ಕೆಳಗಡೆ ತೆರೆದಿರುವ ಹೊದಿಕೆ, ಒಂದು ಬಗೆಯ ಕೊಪ್ಪೆ. ಕಳೆದ ನವೆಂಬರಿನಲ್ಲಿ ಅಂಥದೊಂದನ್ನು ತಂದುಕೊಟ್ಟೆ. ಮರುದಿನದ ಜಿಟಿಜಿಟಿಯಲ್ಲಿ ನೋಡಿದರೆ ಅದನ್ನು ಪತ್ರಿಕೆಯ ಕಟ್ಟಿಗೆ ಸುತ್ತಿದ್ದ, ತಾನು ನೆನೆದಿದ್ದ. ಕೇಳಿದ್ದಕ್ಕೆ, “ಪೇಪರ್ ನೆಂದ್ರೆ ಏಜೆಂಟ್ರು ಬೈತಾರೆ ಸಾರ್. ನಾನು ನೆಂದ್ರೆ ಒಣಗ್ತೀನಿ” ಎಂದ. ಕಟ್ಟಿಗೆ ಬೇರೆಯೊಂದು ಟಾರ್ಪಾಲಿನ್ ಚೀಲ ಹೊಲಿಸಿಕೊಟ್ಟ ಮೇಲೆ ಹೊದಿಕೆ ಅವನ ಹೆಗಲೇರಿತು. ಎರಡು ಗುಂಡಿ ಈಗಾಗಲೇ ಕಿತ್ತುಹೋಗಿವೆ.